ಈಗಿನ ಕಾಲದ ಪಾಶ್ಚಾತ್ಯ ಚೇಂಬರ್ ಸಂಗೀತ ಕೇಳಬೇಕು ಅಂದ್ರೆ ಎಲ್ಲಿಂದ ಶುರು ಮಾಡಲಿ?

ಬೀಥೋವನ್, ಮೊಜಾರ್ಟ್ ಬೇಡ, ಇತ್ತೀಚಿನದು ಒಂದೇ ಒಂದು ಹೇಳಿ, ನಾನು ಕರ್ನಾಟಕ ಸಂಗೀತ ಕೇಳಿಕೊಂಡು ಬೆಳೆದವನು ಅಂತ ಕೇಳಿದ್ದೀರಿ. ಹಾಗಾದರೆ ಸ್ಟೀವ್ ರೈಶ್ ಎಂಬ ಅಮೆರಿಕದ ಸಂಗೀತಗಾರ 1988ರಲ್ಲಿ ಬರೆದ 'ಡಿಫರೆಂಟ್ ಟ್ರೇನ್ಸ್' ಕೇಳಿ. ಚೇಂಬರ್ ಸಂಗೀತ ಅಂದ್ರೆ ಕೆಲವೇ ಜನ ಕೂಡಿ ನುಡಿಸುವುದು. ಇಲ್ಲಿ ಎರಡು ವಯೊಲಿನ್, ಒಂದು ವಯೋಲಾ (ವಯೊಲಿನ್‌ಗಿಂತ ತುಸು ದೊಡ್ಡದು, ದನಿ ತಗ್ಗು), ಒಂದು ಚೆಲ್ಲೊ (ಅದಕ್ಕಿಂತಲೂ ದೊಡ್ಡದು, ದನಿ ಇನ್ನೂ ತಗ್ಗು), ಜೊತೆಗೆ ಮೊದಲೇ ರೆಕಾರ್ಡ್ ಮಾಡಿಟ್ಟ ಒಂದು ಟೇಪು. ಅರ್ಧ ಗಂಟೆಯೂ ಇಲ್ಲ.

ನಾನು ಮೊದಲ ಸಲ ಇದನ್ನು ಹಾಕಿದಾಗ ಅಡುಗೆಮನೆಯಿಂದ ಅಮ್ಮ ಕೂಗಿದ್ದಳು, "ಏನೋ ಅದು, ಸಿಕ್ಕಿಹಾಕ್ಕೊಂಡಿದೆ ನೋಡೋ, ಹೇಳಿದ್ದೇ ಹೇಳ್ತಿದೆ!" ಅಮ್ಮ ಹೇಳಿದ್ದರಲ್ಲಿ ತಪ್ಪಿಲ್ಲ. ಆಲಾಪನೆಯ ಹಾಗೆ ಇದು ಬೆಳೆಯುವುದಿಲ್ಲ. ಒಂದು ತುಣುಕು ಹಿಡಿದು ಅದನ್ನೇ ತಿರುಗಿಸಿ ತಿರುಗಿಸಿ ನುಡಿಸುತ್ತಾರೆ, ಆಮೇಲೆ ಇನ್ನೊಂದು ತುಣುಕು. ಐದು ನಿಮಿಷ ತಾಳ್ಮೆ ಇಟ್ಟುಕೊಳ್ಳಿ.

ನಮ್ಮ ರೈಲ್ವೆ ಸ್ಟೇಷನ್‌ಗಳಲ್ಲಿ ರೈಲು ಬರುವುದನ್ನು ಹೇಳುವ ಹೆಂಗಸಿನ ದನಿ ನೆನಪಿದೆ ಅಲ್ವಾ? ಮಾತು ಬಿಟ್ಟು ಅದರ ಏರಿಳಿತವನ್ನಷ್ಟೇ ಸುಮ್ನೆ ಗುನುಗಿ ನೋಡಿ. ಪಕ್ಕದಲ್ಲಿದ್ದವರು ಥಟ್ಟನೆ ಗುರುತಿಸುತ್ತಾರೆ. ಅಂದ್ರೆ ಮಾತಿನೊಳಗೆ ಆಗಲೇ ಒಂದು ಧಾಟಿ ಕೂತಿರುತ್ತದೆ. ರೈಶ್ ಹಿಡಿದದ್ದು ಅದನ್ನೇ. ಜನರ ಮಾತು ರೆಕಾರ್ಡ್ ಮಾಡಿ, ಅದರಲ್ಲಿರುವ ಸ್ವರಗಳನ್ನು ಬರೆದುಕೊಂಡು ವಾದ್ಯಗಳಿಗೆ ಕೊಟ್ಟರು. ನಾವು ಸಾಹಿತ್ಯಕ್ಕೆ ಮಟ್ಟು ಹಾಕುತ್ತೇವೆ. ಇಲ್ಲಿ ಮಟ್ಟೂ ಮಾತಾಡಿದವರದ್ದೇ.

ಮಾತಾಡಿದವರು ಯಾರು? ಅದಕ್ಕೊಂದು ಕಥೆಯಿದೆ. ರೈಶ್ ಹುಟ್ಟಿದ್ದು 1936ರಲ್ಲಿ, ನ್ಯೂಯಾರ್ಕಿನಲ್ಲಿ. ಕೂಸಾಗಿದ್ದಾಗಲೇ ಅಪ್ಪ ಅಮ್ಮ ಬೇರೆಯಾದರು. ಅಮ್ಮ ಲಾಸ್ ಏಂಜಲೀಸಿಗೆ ಹೋದರು, ಅಪ್ಪ ನ್ಯೂಯಾರ್ಕಿನಲ್ಲೇ ಉಳಿದರು. 1939ರಿಂದ 1942ರವರೆಗೆ ಈ ಹುಡುಗ ತನ್ನ ಆಯಾ ಜೊತೆ ದೇಶದ ಆ ತುದಿಯಿಂದ ಈ ತುದಿಗೆ ರೈಲಿನಲ್ಲಿ ಓಡಾಡಿದ್ದೇ ಓಡಾಡಿದ್ದು. ದೊಡ್ಡವರಾದ ಮೇಲೆ ಅವರಿಗೆ ಒಂದು ವಿಷಯ ಹೊಳೆಯಿತು. ತಾನು ಯಹೂದಿ. ಅದೇ ವರ್ಷಗಳಲ್ಲಿ ಯುರೋಪಿನಲ್ಲಿ ಇದ್ದಿದ್ದರೆ ತನ್ನನ್ನು ಹತ್ತಿಸುತ್ತಿದ್ದ ರೈಲೇ ಬೇರೆ. ಕೃತಿಯ ಹೆಸರು ಬಂದದ್ದು ಅಲ್ಲಿಂದ.

ಅವರು ಅದೇ ಆಯಾಳನ್ನು ಮಾತಾಡಿಸಿದರು. ಆಕೆಗೆ ಆಗ ಎಪ್ಪತ್ತು ದಾಟಿತ್ತು. ಆ ರೈಲುಗಳಲ್ಲಿ ದುಡಿದು ನಿವೃತ್ತರಾಗಿದ್ದ ಪೋರ್ಟರ್ ಒಬ್ಬರನ್ನೂ ರೆಕಾರ್ಡ್ ಮಾಡಿದರು. ಪೋರ್ಟರ್ ಅಂದ್ರೆ ಹಮಾಲಿ ಅಲ್ಲ, ಮಲಗುವ ಬೋಗಿಯಲ್ಲಿ ಪ್ರಯಾಣಿಕರನ್ನು ನೋಡಿಕೊಳ್ಳುವವರು. ನಾಜಿಗಳ ನರಮೇಧದಿಂದ ಬದುಕುಳಿದು ಅಮೆರಿಕಕ್ಕೆ ಬಂದ ಮೂವರ ದನಿಯೂ ಸೇರಿತು. ಜೊತೆಗೆ ಆ ಕಾಲದ ಎರಡೂ ಕಡೆಯ ರೈಲುಗಳ ಸದ್ದು, ಸೀಟಿ.

ಶುರುವಿನಲ್ಲಿ ತಂತಿಗಳು ಚಕಚಕ ಓಡುತ್ತವೆ. ಡ್ರಮ್ ಕಲಿಯುವವರು ಬಲಗೈ ಎಡಗೈ ಬದಲಿಸಿ ಸಾಧನೆ ಮಾಡುತ್ತಾರಲ್ಲ, ಅದೇ ನಡೆ. ರೈಶ್ ಕೂಡ ಡ್ರಮ್ ಕಲಿತವರು. ನಮ್ಮ ಕಿವಿಗೆ ಅದು ತಕಧಿಮಿ ತಕಧಿಮಿ. ಮೇಲೆ ಉದ್ದನೆಯ ಸೀಟಿ. ಆಮೇಲೆ ವಯೋಲಾ ಒಂದು ಪುಟ್ಟ ಸಂಗತಿ ಹಾಕುತ್ತದೆ. ಇದೇನಪ್ಪಾ ಅನ್ನುವಷ್ಟರಲ್ಲಿ ಆಯಾಳ ದನಿ ಕೇಳುತ್ತದೆ, 'ಫ್ರಮ್ ಚಿಕಾಗೊ ಟು ನ್ಯೂಯಾರ್ಕ್'. ವಯೋಲಾ ನುಡಿಸಿದ್ದು ಆ ಮಾತನ್ನೇ! ಕಚೇರಿಯಲ್ಲಿ ಗಾಯಕರು ಹಾಡಿದ ಮೇಲೆ ಪಿಟೀಲು ಹಿಂಬಾಲಿಸುತ್ತದೆ. ಇಲ್ಲಿ ಪಕ್ಕವಾದ್ಯವೇ ಮುಂದೆ, ಬಾಯಿ ಹಿಂದೆ. ಹೆಂಗಸರ ಮಾತಿಗೆ ವಯೋಲಾ, ಗಂಡಸರ ಮಾತಿಗೆ ಚೆಲ್ಲೊ.

ರೈಶ್ ಇದನ್ನು ಬರೆದದ್ದು ಕ್ರೋನೋಸ್ ಕ್ವಾರ್ಟೆಟ್ ಎಂಬ ನಾಲ್ವರ ತಂಡಕ್ಕಾಗಿ. 1988ರ ನವೆಂಬರ್ 2ರಂದು ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲ್‌ನಲ್ಲಿ ಮೊದಲ ಪ್ರದರ್ಶನ. ಡೇವಿಡ್ ಹ್ಯಾರಿಂಗ್ಟನ್ ಮತ್ತು ಜಾನ್ ಶೆರ್ಬಾ ವಯೊಲಿನ್, ಹ್ಯಾಂಕ್ ಡಟ್ ವಯೋಲಾ, ಜೋನ್ ಜಾನ್‌ರೆನೋ ಚೆಲ್ಲೊ. (ಆರ್. ಡಿ. ಬರ್ಮನ್ ಹಾಡುಗಳನ್ನು ಆಶಾ ಭೋಸ್ಲೆ ಜೊತೆ ಸೇರಿ 2005ರಲ್ಲಿ ಆಲ್ಬಂ ಮಾಡಿದ್ದೂ ಇದೇ ಕ್ರೋನೋಸ್. ಆಗ ಚೆಲ್ಲೊದವರು ಬದಲಾಗಿದ್ದರು.)

ಇದನ್ನು ನುಡಿಸುವವರ ಕಷ್ಟ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ ಒಂದು ಕೃತಿಗೆ ಕಾಲಪ್ರಮಾಣ ಹಿಡಿದರೆ ಕಡೆಯವರೆಗೂ ಅದೇ. ಶ್ರುತಿಯಂತೂ ಅಲುಗಾಡುವ ಹಾಗಿಲ್ಲ. ಇಲ್ಲಿ ಒಬ್ಬೊಬ್ಬರ ಮಾತಿಗೂ ಅದರದೇ ಶ್ರುತಿ, ಅದರದೇ ವೇಗ. ಆಯಾ ಮುಗಿಸಿ ಪೋರ್ಟರ್ ಬಾಯಿ ತೆರೆದ ತಕ್ಷಣ ನಾಲ್ವರೂ ಹೊಸ ಕಾಲಕ್ಕೆ ಜಿಗಿಯಬೇಕು. ಟೇಪು ಯಾರಿಗೂ ಕಾಯುವುದಿಲ್ಲ. ಸಾಲದ್ದಕ್ಕೆ ಆ ಟೇಪಿನಲ್ಲಿ ಮೊದಲೇ ನುಡಿಸಿಟ್ಟ ಇನ್ನೂ ಮೂರು ಕ್ವಾರ್ಟೆಟ್ ಇರುತ್ತವೆ. ವೇದಿಕೆ ಮೇಲೆ ನಾಲ್ಕು ಜನ, ಕಿವಿಗೆ ಹದಿನಾರು.

ಎರಡನೇ ಭಾಗ ಯುದ್ಧಕಾಲದ ಯುರೋಪ್. ಸೀಟಿ ಬದಲಾಗುತ್ತದೆ. ಅಮೆರಿಕದ್ದು ತುಂಬಿದ ದನಿ, ಇಲ್ಲಿನದು ಕಿರುಚಾಟ. ಸೈರನ್ ಬೇರೆ. ದನ ಸಾಗಿಸುವ ಬೋಗಿಗಳು, ಅದರ ತುಂಬ ಜನ, ಆಕಾಶಕ್ಕೇಳುವ ಬೆಂಕಿ. ಹೇಳುವವರು ಅಳುವುದಿಲ್ಲ. ವಯೊಲಿನ್‌ಗಳೂ ಅಳುವುದಿಲ್ಲ. ಕರುಣ ಅಂದ್ರೆ ಶುಭಪಂತುವರಾಳಿ ರಾಗ ಅಂದುಕೊಂಡಿದ್ದ ನನಗೆ ಇದು ಮೊದಮೊದಲು ಒಣಕಲು ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಆದರೂ ಬದುಕುಳಿದವರ ಮಾತನ್ನು ಹೀಗೆ ತುಂಡು ಮಾಡಿ ತಿರುಗಿಸಬಹುದಾ ಅನ್ನುವ ಇರುಸುಮುರುಸು ಪ್ರತಿ ಸಲವೂ ಒಂದು ಕ್ಷಣ ಆಗುತ್ತದೆ.

ನೀವು 1989ರಲ್ಲಿ ನಾನ್‌ಸಚ್ ಕಂಪನಿ ತಂದ ಕ್ರೋನೋಸ್ ರೆಕಾರ್ಡಿಂಗನ್ನೇ ಹುಡುಕಿ. ಇದಕ್ಕೆ ಗ್ರ್ಯಾಮಿ ಕೂಡ ಬಂತು. ಹೆಡ್‌ಫೋನ್ ಹಾಕಿಕೊಂಡೇ ಕೇಳಿ. ಮೊಬೈಲ್ ಸ್ಪೀಕರ್‌ನಲ್ಲಿ ಚೆಲ್ಲೊ ಸತ್ತೇ ಹೋಗುತ್ತದೆ.

ಮೂರನೇ ಭಾಗ ಯುದ್ಧ ಮುಗಿದ ಮೇಲಿನದು. ಮೊದಲ ಭಾಗದ ಆಯಾ, ಪೋರ್ಟರ್ ಮತ್ತೆ ಬರುತ್ತಾರೆ. ಆ ರೈಲುಗಳೆಲ್ಲ ಈಗ ಇಲ್ಲ ಅನ್ನುತ್ತಾರೆ ಪೋರ್ಟರ್. ಕೊನೆಗೆ ಬದುಕುಳಿದ ಹೆಂಗಸೊಬ್ಬರು ಒಂದು ಹುಡುಗಿಯ ವಿಷಯ ಹೇಳುತ್ತಾರೆ. ಅವಳ ಕಂಠ ಬಹಳ ಚೆಂದವಿತ್ತಂತೆ. ಜರ್ಮನ್ನರಿಗೆ ಅವಳ ಹಾಡು ಕೇಳೋದು ಇಷ್ಟವಂತೆ. ಅವಳು ನಿಲ್ಲಿಸಿದಾಗ ಇನ್ನೂ ಹಾಡು, ಇನ್ನೂ ಹಾಡು ಅಂದರಂತೆ, ಚಪ್ಪಾಳೆ ತಟ್ಟಿದರಂತೆ. ಅವಳು ಮುಂದೇನಾದಳು ಅಂತ ಇಲ್ಲ. ತಂತಿಗಳು ಸ್ವಲ್ಪ ಹೊತ್ತು ನುಡಿದು ನಿಲ್ಲುತ್ತವೆ. ಆಲ್ಬಂನಲ್ಲಿ ಅದಾದ ತಕ್ಷಣ ಪ್ಯಾಟ್ ಮೆಥೇನಿ ಎಂಬುವರು ಗಿಟಾರಿನಲ್ಲಿ ನುಡಿಸುವ ಬೇರೊಂದು ಕೃತಿ ಶುರುವಾಗುತ್ತದೆ. ಅದು ಬರುವುದರೊಳಗೆ ಆಫ್ ಮಾಡಿಬಿಡಿ.