ಡಬ್ಬಿ ಖಾಲಿಯಾಗಿ ಬಂದರೆ ಸಾಕೇ?

ಪ್ರಶ್ನೆ: ನನಗೆ 29 ವರ್ಷ. ಕೊಟ್ಟಾರದಲ್ಲಿ ಒಂದು ಖಾಸಗಿ ಕಂಪೆನಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ಎಪ್ಪತ್ತು ಜನರಿರುವ ಆಫೀಸು. ಗಂಡನಿಗೆ ಬೈಕಂಪಾಡಿಯಲ್ಲಿ ಶಿಫ್ಟ್ ಕೆಲಸ. ಮಗಳಿಗೆ ಹದಿನಾಲ್ಕು ತಿಂಗಳು. ಇಲ್ಲಿಯವರೆಗೆ ನನ್ನ ಅಮ್ಮ ನೋಡಿಕೊಂಡರು. ಜೂನ್‌ನಲ್ಲಿ ಅವರು ತಂಗಿಯ ಬಾಣಂತನಕ್ಕೆ ಹೋಗಲೇಬೇಕು. ಅತ್ತೆ ನಮ್ಮ ಜತೆಗೇ ಇದ್ದಾರೆ, ಆದರೆ ಗಂಟುನೋವು, ಓಡಾಡುವ ಮಗುವಿನ ಹಿಂದೆ ಹೋಗಲಾರರು. ಎರಡು ಬೇಬಿ ಸಿಟ್ಟಿಂಗ್ ನೋಡಿ ಬಂದೆವು. ಒಂದು ಎಸಿ, ಸಿಸಿ ಕ್ಯಾಮೆರಾ, ಗೋಡೆ ತುಂಬ ಚಿತ್ರ ಇರುವ ಹೊಸದು. ಮೊಬೈಲಿನಲ್ಲೇ ಮಗುವನ್ನು ನೋಡಬಹುದು, ತಿಂಗಳಿಗೆ ಒಂಬತ್ತು ಸಾವಿರ. ಇನ್ನೊಂದು ಬಿಜೈ ಕಡೆ ಹಳೆಯ ಹೆಂಚಿನ ಮನೆ, ನಿವೃತ್ತ ಟೀಚರ್ ಒಬ್ಬರು ನಡೆಸುತ್ತಾರೆ, ಐದು ಸಾವಿರ. ಕ್ಯಾಮೆರಾ ಇಲ್ಲ, ಅಂಗಳದಲ್ಲಿ ಬಾವಿ ಇದೆ. ಗಂಡನಿಗೆ ಮೊದಲಿನದ್ದೇ ಆಗಬೇಕು. ನನ್ನ ಮನಸ್ಸು ಎರಡನೆಯದರ ಕಡೆಗೆ. ಅತ್ತೆ ಮಾತ್ರ ‘ಹೆತ್ತ ಮಗುವನ್ನು ಯಾರ್ಯಾರದೋ ಕೈಗೆ ಕೊಟ್ಟು ದುಡಿಯುವಂಥದ್ದು ಎಂತ ಉಂಟು’ ಎನ್ನುತ್ತಾರೆ. ರಾತ್ರಿ ನಿದ್ದೆ ಬರುವುದಿಲ್ಲ. ಏನು ಮಾಡಲಿ?
– ಹೆಸರು ಬೇಡ, ಮಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಎಸಿ ಇದೆ, ಕ್ಯಾಮೆರಾ ಇದೆ, ಬಾವಿ ಇದೆ, ಫೀಸೂ ಇದೆ. ಮಗುವನ್ನು ಎತ್ತಿಕೊಳ್ಳುವ ಆಯಾ ಬಗ್ಗೆ ಒಂದಕ್ಷರವೂ ಇಲ್ಲ. ಎರಡು ಕಡೆಯೂ ನಿಮ್ಮ ಹತ್ತಿರ ಮಾತಾಡಿದ್ದು ನಡೆಸುವವರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆಯವರೆಗೆ ನಿಮ್ಮ ಮಗಳ ಮೂಗು ಒರೆಸುವವರು, ತೊಟ್ಟಿಲು ತೂಗುವವರು ಅವರಲ್ಲ.

ನನ್ನದೇ ಒಂದು ಕತೆ ಹೇಳುತ್ತೇನೆ. ಇಪ್ಪತ್ತೆರಡು ವರ್ಷದ ಹಿಂದೆ ನನ್ನ ಮಗನನ್ನೂ ಹೀಗೇ ಒಂದು ಕಡೆ ಬಿಡುತ್ತಿದ್ದೆ. ಯಾವ ಕಡೆ ಎಂಬುದು ಬೇಡ, ಈಗ ಅದು ಇಲ್ಲ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಮಧ್ಯಾಹ್ನಕ್ಕೆಂದು ರಾಗಿ ಮಣ್ಣಿ, ಎರಡು ಡಬ್ಬಿ ಕಟ್ಟಿಕೊಡುತ್ತಿದ್ದೆ. ಸಂಜೆ ಎರಡೂ ಖಾಲಿ. ಖಾಲಿ ಮಾತ್ರವಲ್ಲ, ತೊಳೆದು ಒರೆಸಿ ಇಟ್ಟಿರುತ್ತಿದ್ದರು. ಮನೆಯಲ್ಲಿ ನಾಲ್ಕು ಚಮಚಕ್ಕೆ ಬಾಯಿ ತಿರುಗಿಸುವ ಹುಡುಗ ಅಲ್ಲಿ ಪೂರ್ತಿ ಉಣ್ಣುತ್ತಾನಲ್ಲ ಎಂದು ನನಗೆ ಖುಷಿಯೋ ಖುಷಿ. ಒಂದು ಮಾತ್ರ ವಿಚಿತ್ರ: ಮನೆಗೆ ಬಂದ ಕೂಡಲೇ ಅಡುಗೆಮನೆಗೆ ತೆವಳಿಕೊಂಡು ಬಂದು ಅನ್ನದ ಪಾತ್ರೆ ಹಿಡಿದು ನಿಲ್ಲುತ್ತಿದ್ದ. ಬೆಳೆಯುವ ಮಗು ಎಂದುಕೊಂಡೆ.

ಒಂದು ದಿನ ಮಳೆ ಜೋರಾಗಿ ಆಫೀಸಿನಿಂದ ಬೇಗ ಬಿಟ್ಟರು. ಹನ್ನೆರಡೂವರೆಗೆ ಅಲ್ಲಿಗೆ ಹೋದೆ. ಒಳಗೆ ಟಿವಿ ಹಾಕಿತ್ತು. ಹನ್ನೊಂದು ಮಕ್ಕಳು, ಒಬ್ಬಳು ಆಯಾ. ಅವಳು ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು, ಒಂದೇ ಚಮಚದಲ್ಲಿ ಈ ಬಾಯಿಗೆ, ಆ ಬಾಯಿಗೆ ಎಂದು ಸುತ್ತು ಬರುತ್ತಿದ್ದಳು. ನನ್ನ ಮಗನ ಸರದಿ ಬಂದಾಗ ಅವನು ಟಿವಿ ನೋಡುತ್ತಿದ್ದ, ಬಾಯಿ ತೆರೆಯಲಿಲ್ಲ. ಚಮಚ ಮುಂದೆ ಹೋಯಿತು. ಅರ್ಧ ಗಂಟೆಯ ನಂತರ ಉಳಿದದ್ದೆಲ್ಲ ಒಂದು ಬಕೆಟಿಗೆ ಬಿತ್ತು, ಪಕ್ಕದ ಮನೆಯ ದನಕ್ಕೆ. ಆಮೇಲೆ ಅವಳು ಕೂತು ಡಬ್ಬಿಗಳನ್ನು ಒಂದೊಂದಾಗಿ ಎಷ್ಟು ಚಂದ ಮಾಡಿ ತೊಳೆದಳು ಅಂದರೆ, ನನಗೆ ಬೈಯಲೂ ಆಗಲಿಲ್ಲ. ಅವಳೇನು ಕೆಟ್ಟವಳಲ್ಲ. ಎರಡು ಕೈ, ಹನ್ನೊಂದು ಬಾಯಿ.

ಹಾಗಾಗಿ ನೀವು ಕೇಳಬೇಕಾದ ಮೊದಲನೆಯ ಲೆಕ್ಕ ಇದೇ. ಅಕೌಂಟ್ಸ್‌ನವರಿಗೆ ಲೆಕ್ಕ ನಾನು ಹೇಳಿಕೊಡಬೇಕಾಗಿಲ್ಲ. ಒಬ್ಬ ಆಯಾಗೆ ಎಷ್ಟು ಮಕ್ಕಳು? ನಮ್ಮ ದೇಶದ 2013ರ ಶೈಶವ ಆರೈಕೆ ಮತ್ತು ಶಿಕ್ಷಣ ನೀತಿ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರು ಇರಬೇಕು ಎನ್ನುತ್ತದೆ. ಇಂಗ್ಲೆಂಡಿನಲ್ಲಿ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು. ಒಂದು ಮನೆಯಲ್ಲಿ ಅವಳಿ ಮಕ್ಕಳಿದ್ದರೆ ಆಗುವ ಪಾಡು ಕಂಡವರಿಗೆ ‘ಹತ್ತಕ್ಕೆ ಒಬ್ಬರು’ ಎಂದರೆ ಏನು ಎಂದು ಗೊತ್ತು. ನಿಮ್ಮ ಮಗಳ ವಯಸ್ಸಿಗೆ ಒಬ್ಬ ಆಯಾಗೆ ನಾಲ್ಕೈದು ಮಕ್ಕಳಿದ್ದರೆ ನಾನು ಒಪ್ಪುತ್ತೇನೆ, ಆರಾದರೆ ಯೋಚಿಸುತ್ತೇನೆ. ಎಂಟು ಅಂದರೆ ಎಸಿ ಎಷ್ಟೇ ತಂಪಾಗಿರಲಿ, ಎದ್ದು ಬನ್ನಿ. ಅಡುಗೆಯವರನ್ನು, ಗೇಟಿನವರನ್ನು, ಆಫೀಸಿನ ಹುಡುಗಿಯನ್ನು ಸೇರಿಸಿ ‘ನಮ್ಮಲ್ಲಿ ಎಂಟು ಜನ ಸ್ಟಾಫ್’ ಎನ್ನುವವರಿದ್ದಾರೆ. ಮಕ್ಕಳ ಕೋಣೆಯಲ್ಲಿ ನೆಲದ ಮೇಲೆ ಕೂತವರನ್ನು ಮಾತ್ರ ಎಣಿಸಿ.

ಎರಡನೆಯ ಪ್ರಶ್ನೆ, ಆ ಆಯಾ ಇಲ್ಲಿಗೆ ಬಂದು ಎಷ್ಟು ವರ್ಷ ಆಯಿತು? ಮೂರು ತಿಂಗಳಿಗೊಬ್ಬರು ಬದಲಾಗುವ ಕಡೆ ಮಗುವಿಗೆ ಯಾರ ವಾಸನೆಯೂ ಪರಿಚಯ ಆಗುವುದಿಲ್ಲ. ನಡೆಸುವವರನ್ನು ಕೇಳಬೇಡಿ, ಆಯಾಳನ್ನೇ ಕೇಳಿ. ಹೆಸರು ಕೇಳಿ, ಊರು ಕೇಳಿ. ನಿಮ್ಮ ಮನೆಯಲ್ಲಿ ತುಳು ಮಾತಾಡುವುದಾದರೆ, ಮಗು ‘ಬಾಜೆಲ್’ ಎಂದಾಗ ಬಾಯಾರಿಕೆ ಎಂದು ಅರ್ಥವಾಗುವವರು ಅಲ್ಲಿ ಒಬ್ಬರಾದರೂ ಇರಬೇಕು. ‘ನಮ್ಮಲ್ಲಿ ಇಂಗ್ಲಿಷ್ ಮಾತ್ರ’ ಎಂದು ಹೆಮ್ಮೆಯಿಂದ ಹೇಳಿದರೆ, ಹದಿನಾಲ್ಕು ತಿಂಗಳ ಮಗುವಿಗೆ ಬೇಕಾದದ್ದು ನೀರು, ಇಂಗ್ಲಿಷ್ ಅಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ.

ನೀವು ಎರಡು ಕಡೆಗೂ ಹೋದದ್ದು ಬಹುಶಃ ಶನಿವಾರ ಸಂಜೆ, ಫೋನ್ ಮಾಡಿ ಹೇಳಿಯೇ. ಅದು ಹೆಣ್ಣು ನೋಡಲು ಹೋದ ಹಾಗೆ: ಮನೆ ಗುಡಿಸಿರುತ್ತದೆ, ಉಪ್ಪಿಟ್ಟು ರೆಡಿ ಇರುತ್ತದೆ. ಇನ್ನೊಮ್ಮೆ ಹೋಗಿ, ವಾರದ ನಡುವೆ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ. ಊಟ, ಚಡ್ಡಿ ಬದಲಿಸುವುದು, ನಿದ್ದೆ, ಜಗಳ ಎಲ್ಲ ಒಟ್ಟಿಗೆ ಬೀಳುವ ಹೊತ್ತು ಅದು. ಎರಡು ಗಂಟೆ ಮೂಲೆಯಲ್ಲಿ ಕೂತುಕೊಳ್ಳಲು ಬಿಡಿ ಎಂದು ಕೇಳಿ. ಬಿಡುವುದಿಲ್ಲ ಎಂದರೆ ನಿಮ್ಮ ಒಂದು ಆಯ್ಕೆ ತಾನಾಗಿ ಮುಗಿಯಿತು. ಬಿಟ್ಟರೆ ಗೋಡೆ ನೋಡಬೇಡಿ. ಯಾವುದಾದರೂ ಒಂದು ಮಗು ಅಳುವವರೆಗೆ ಕಾಯಿರಿ. ಆಮೇಲೆ ಗಡಿಯಾರ ನೋಡಿ. ಎಷ್ಟು ಹೊತ್ತಿಗೆ ಯಾರು ತಿರುಗಿದರು? ದೂರದಿಂದಲೇ ‘ಏ, ಸುಮ್ಮನಿರು’ ಎಂದರೋ, ಹತ್ತಿರ ಹೋಗಿ ಬಗ್ಗಿದರೋ? ಒದ್ದೆ ಮಾಡಿಕೊಂಡ ಮಗುವನ್ನು ಬದಲಿಸುವಾಗ ಮುಖ ನೋಡಿ ಮಾತಾಡುತ್ತಾರೋ, ಇಲ್ಲ ಹಲಸಿನಕಾಯಿ ತಿರುಗಿಸಿದ ಹಾಗೆ ತಿರುಗಿಸುತ್ತಾರೋ? ಮುಗಿದ ಮೇಲೆ ಸಾಬೂನು ಹಾಕಿ ಕೈ ತೊಳೆದರೋ?

ಗಂಡನಿಗೆ ಕ್ಯಾಮೆರಾದ ಮೇಲೆ ಅಷ್ಟು ಭರವಸೆ ಯಾಕೆ ಎಂದು ನನಗೆ ಅರ್ಥವಾಗುತ್ತದೆ. ಶಿಫ್ಟಿನಲ್ಲಿ ಇರುವವರಿಗೆ ಮಗುವಿನ ಮುಖ ಕಾಣುವುದೇ ಒಂದು ಸಮಾಧಾನ. ಆದರೆ ಆ ಕ್ಯಾಮೆರಾದಲ್ಲಿ ಸ್ವರ ಕೇಳುತ್ತದೆಯೇ ಎಂದು ಕೇಳಿ ನೋಡಿ. ಹೆಚ್ಚಿನ ಕಡೆ ಇಲ್ಲ. ಮೇಲಿನಿಂದ ಕಾಣುವುದು ತಲೆಗಳು. ಮಗು ಅತ್ತದ್ದು ಕಾಣುತ್ತದೆ, ಆಯಾ ಏನು ಹೇಳಿದಳು ಎಂಬುದು ಕೇಳುವುದಿಲ್ಲ. ನೀವು ವೋಚರ್ ಬಿಟ್ಟು ಮೊಬೈಲ್ ನೋಡುತ್ತ ಕೂರುತ್ತೀರಿ. ಎಲ್ಲ ತಾಯಂದಿರ ಮೊಬೈಲಿನಲ್ಲೂ ನಿಮ್ಮ ಮಗು ಕಾಣುತ್ತಿದೆ ಎಂಬುದೂ ನೆನಪಿರಲಿ. ಕ್ಯಾಮೆರಾ ಇರುವುದು ತಪ್ಪಲ್ಲ. ಅದೇ ಕಾರಣವಾಗಬಾರದು, ಅಷ್ಟೆ.

ಈಗ ನಿಮ್ಮ ಹೆಂಚಿನ ಮನೆ. ನಿಮಗೆ ಅಲ್ಲಿ ನಿಮ್ಮ ಅಜ್ಜಿಮನೆ ಕಂಡಿದೆ ಎಂದು ನನ್ನ ಗುಮಾನಿ. ಕೆಂಪು ನೆಲ, ತೂಗುಯ್ಯಾಲೆ, ಟೀಚರಮ್ಮನ ಕನ್ನಡಕ. ನನಗೂ ಅಂಥದ್ದೇ ಇಷ್ಟ. ಆದರೆ ಇಷ್ಟವಾದ ಕಡೆಯಲ್ಲೇ ಕಣ್ಣು ಹೆಚ್ಚು ತೆರೆಯಬೇಕು. ಬಾವಿಗೆ ಕಟ್ಟೆ ಇದೆಯೇ, ಮೇಲೆ ಕಬ್ಬಿಣದ ಬಲೆ ಹಾಸಿದ್ದಾರೆಯೇ ಎಂದು ನೀವು ಹೇಗೂ ನೋಡುತ್ತೀರಿ. ನಾನು ಹೆದರುವುದು ಬಾವಿಗಿಂತ ಬಚ್ಚಲಿನ ಬಕೆಟಿಗೆ. ಈ ವಯಸ್ಸಿನ ಮಗು ತಲೆಕೆಳಗಾಗಿ ಬಿದ್ದರೆ ಏಳಲಾರದು, ಗೇಣು ನೀರು ಸಾಕು. ಬಚ್ಚಲಿನ ಬಾಗಿಲಿಗೆ ಮೇಲೆ ಚಿಲಕ ಇದೆಯೇ, ತುಂಬಿಟ್ಟ ಬಕೆಟು ಇದೆಯೇ ನೋಡಿ. ಮಕ್ಕಳು ಆಡುವ ಜಾಗದ ಮೇಲೆ ತೆಂಗಿನ ಮರ ಇದ್ದರೆ ಕಾಯಿ ಕೀಳಿಸಿ ಎಷ್ಟು ದಿನವಾಯಿತು ಎಂದು ಕೇಳಿ. ನಗಬೇಡಿ, ನಮ್ಮೂರಿನಲ್ಲಿ ಇದು ಕೇಳಲೇಬೇಕಾದ ಪ್ರಶ್ನೆ. ಮಳೆಗಾಲದಲ್ಲಿ ಆ ಕೆಂಪು ನೆಲ ಬೆವರುತ್ತದೆ, ಜಾರುತ್ತದೆ. ಇನ್ನು ಸೊಳ್ಳೆ. ಮಲೇರಿಯಾ ಮಂಗಳೂರಿಗೆ ಹೊಸದಲ್ಲ. ಡೆಂಗಿ ಸೊಳ್ಳೆಯಂತೂ ಕಚ್ಚುವುದೇ ಹಗಲು, ಅಂದರೆ ನಿಮ್ಮ ಮಗಳು ಅಲ್ಲಿರುವ ಹೊತ್ತಿನಲ್ಲಿ. ಕಿಟಕಿಗೆ ಬಲೆ, ಮಧ್ಯಾಹ್ನದ ನಿದ್ದೆಗೆ ಸೊಳ್ಳೆಪರದೆ, ಅಂಗಳದಲ್ಲಿ ನೀರು ನಿಂತ ಗೆರಟೆ, ಹೂಕುಂಡ, ಡ್ರಮ್ಮು ಇಲ್ಲದಿರುವುದು, ಇವಿಷ್ಟನ್ನು ಎರಡು ಕಡೆಯೂ ನೋಡಿ. ಎಸಿ ಕೋಣೆಯ ಹೊರಗಿನ ಪೈಪಿನ ಕೆಳಗೂ ನೀರು ನಿಲ್ಲುತ್ತದೆ.

ಟೀಚರಮ್ಮನನ್ನು ಕೇಳಬೇಕಾದದ್ದು ಇನ್ನೊಂದಿದೆ: ಅವರಿಗೇ ಜ್ವರ ಬಂದರೆ ಯಾರು? ಅವರು ಮದುವೆಗೆ ಹೋದರೆ ಯಾರು? ಒಬ್ಬರ ಮೇಲೆ ನಿಂತ ಮನೆಗೆ ಅದೇ ಬಲ, ಅದೇ ಕೊರತೆ. ಜುಲೈಯಲ್ಲಿ ಡಿಸಿಯವರು ಮಳೆ ರಜೆ ಘೋಷಿಸಿದ ದಿನ ತೆರೆದಿರುತ್ತದೆಯೇ ಎಂದೂ ಈಗಲೇ ಕೇಳಿಡಿ. ನಿಮ್ಮ ಆಫೀಸಿಗೆ ಆ ರಜೆ ಇರುವುದಿಲ್ಲ.

ಎರಡು ಕಡೆಯೂ ಒಂದು ಉಪಾಯದ ಪ್ರಶ್ನೆ ಹಾಕಿ ನೋಡಿ: ‘ಮಗುವಿಗೆ ಸ್ವಲ್ಪ ಜ್ವರ ಇದ್ದರೂ ಕರೆದುಕೊಂಡು ಬರಬಹುದಲ್ಲ?’ ‘ಧಾರಾಳ ಬನ್ನಿ, ನಾವು ಸಿರಪ್ ಕೊಡುತ್ತೇವೆ’ ಎಂದರೆ ನಿಮಗೆ ಅನುಕೂಲ ಅನಿಸೀತು. ಆದರೆ ಪಕ್ಕದ ಮಗುವೂ ಜ್ವರದಲ್ಲೇ ಬಂದಿರುತ್ತದೆ. ‘ಇಲ್ಲ, ಗುಣವಾದ ಮೇಲೆ ಬನ್ನಿ’ ಎಂದು ಮುಖಕ್ಕೆ ಹೇಳುವವರು ನನಗೆ ಇಷ್ಟ. ಸೇರಿಸುವಾಗ ತಾಯಿ ಕಾರ್ಡ್ ಕೇಳಿ ಲಸಿಕೆ ನೋಡುವವರಾದರೆ ಇನ್ನೂ ಒಳ್ಳೆಯದು. ಅಂದ ಹಾಗೆ, 16ನೇ ತಿಂಗಳು ಆಗುತ್ತಿದ್ದಂತೆ ದಡಾರ-ರುಬೆಲ್ಲಾದ ಎರಡನೇ ಡೋಸು, ಡಿಪಿಟಿ ಬೂಸ್ಟರ್ ಬರುತ್ತವೆ. ಈ ಗಡಿಬಿಡಿಯಲ್ಲಿ ಮರೆಯಬೇಡಿ.

ನೀವು ಕೇಳದ ಒಂದು ವಿಷಯ. ಎಪ್ಪತ್ತು ಜನರಿರುವ ಆಫೀಸು ಎಂದಿರಿ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 26 ವಾರ ಆದದ್ದು ಎಲ್ಲರಿಗೂ ಗೊತ್ತು. ಐವತ್ತು ಅಥವಾ ಹೆಚ್ಚು ಜನ ಇರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಮಾಡಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಎಂಬುದೂ ಅದರಲ್ಲೇ ಬಂತು. ಎಚ್‌ಆರ್‌ನವರ ಹತ್ತಿರ ಬಾಯಿಮಾತಲ್ಲಿ ಕೇಳಬೇಡಿ, ಮೇಲ್ ಹಾಕಿ. ನಾಲ್ಕೈದು ತಾಯಂದಿರು ಸೇರಿ ಹಾಕಿದರೆ ಇನ್ನೂ ಚೆಂದ. ನಾಳೆಯೇ ಕೋಣೆ ಕಟ್ಟಿಸಿಕೊಡುತ್ತಾರೆ ಎಂದಲ್ಲ. ಹತ್ತಿರದ ಒಂದು ಕಡೆ ಜತೆ ಮಾತಾಡಿಕೊಂಡು ಖರ್ಚು ಭರಿಸಿದರೂ ನಿಮ್ಮ ಐದು–ಒಂಬತ್ತರ ಲೆಕ್ಕ ಬದಲಾಗುತ್ತದೆ.

ನಿದ್ದೆ ಬಾರದ ವಿಷಯಕ್ಕೆ ಬರುತ್ತೇನೆ. ಅಮೆರಿಕದಲ್ಲಿ 1991ರಲ್ಲಿ ಶುರು ಮಾಡಿ 1,300ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿದಾಗಿನಿಂದ ವರ್ಷಗಟ್ಟಲೆ ಗಮನಿಸಿದ ದೊಡ್ಡ ಅಧ್ಯಯನವೊಂದಿದೆ. ತಾಯಿಯೇ ನೋಡಿಕೊಂಡ ಮಕ್ಕಳಿಗೂ ಬೇರೆಯವರೂ ನೋಡಿಕೊಂಡ ಮಕ್ಕಳಿಗೂ ಬೆಳವಣಿಗೆಯಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಬಿಟ್ಟ ಕಡೆ ಆರೈಕೆ ಹೇಗಿತ್ತು ಎಂಬುದು ಲೆಕ್ಕಕ್ಕೆ ಬಂತು, ಅದಕ್ಕಿಂತ ಹೆಚ್ಚು ಲೆಕ್ಕಕ್ಕೆ ಬಂದದ್ದು ಮನೆ ಹೇಗಿತ್ತು ಎಂಬುದು. ಸಂಜೆ ಆರರಿಂದ ಬೆಳಿಗ್ಗೆ ಎಂಟೂವರೆ ನಿಮ್ಮದೇ.

ಮಗಳು ಅಳುತ್ತಾಳೆ. ಮೊದಲೇ ಹೇಳಿಬಿಡುತ್ತೇನೆ, ಗೇಟಿನಲ್ಲಿ ಚೂಡಿದಾರದ ವೇಲ್ ಹಿಡಿದು ಅಳುತ್ತಾಳೆ. ಹತ್ತರಿಂದ ಹದಿನೆಂಟು ತಿಂಗಳ ನಡುವೆ ಈ ಅಗಲಿಕೆಯ ಭಯ ತುಂಬ ಜೋರು. ಅದು ಆ ಜಾಗ ಕೆಟ್ಟದ್ದು ಎಂಬುದಕ್ಕೆ ಸಾಕ್ಷಿ ಅಲ್ಲ. ಕಣ್ಣು ತಪ್ಪಿಸಿ ಓಡಿ ಬರಬೇಡಿ, ‘ಅಮ್ಮ ಸಂಜೆ ಬರ್ತೇನೆ’ ಎಂದು ಹೇಳಿಯೇ ಬನ್ನಿ. ಜೂನ್ ಒಂದರವರೆಗೆ ಕಾಯದೆ ಮೇ ನಡುವಿನಲ್ಲೇ ಶುರು ಮಾಡಿ: ಮೊದಲು ನೀವೂ ಕೂತು ಒಂದು ಗಂಟೆ, ಆಮೇಲೆ ನೀವಿಲ್ಲದೆ ಒಂದು ಗಂಟೆ, ಆಮೇಲೆ ಊಟದವರೆಗೆ. ಮೂರು ನಾಲ್ಕು ವಾರವಾದರೂ ದಿನವಿಡೀ ಅಳು ನಿಲ್ಲದಿದ್ದರೆ, ಆಯಾಳನ್ನು ಕಂಡ ಕೂಡಲೇ ಮೈ ಬಿಗಿಹಿಡಿದರೆ, ಅಥವಾ ನನ್ನ ಮಗನ ಹಾಗೆ ಅನ್ನದ ಪಾತ್ರೆ ಹಿಡಿದು ನಿಂತರೆ, ಹೇಳದೆ ಕೇಳದೆ ಮಧ್ಯಾಹ್ನ ಹೋಗಿ ನೋಡಿ.

ನನ್ನ ಅಭಿಪ್ರಾಯ ಕೇಳಿದಿರಿ, ಆದ್ದರಿಂದ ಹೇಳುತ್ತೇನೆ. ಆ ಹೆಂಚಿನ ಮನೆಯಲ್ಲಿ ಒಬ್ಬ ಆಯಾಗೆ ಐದರೊಳಗೆ ಮಕ್ಕಳಿದ್ದು, ಬಾವಿಗೂ ಬಚ್ಚಲಿಗೂ ಬಂದೋಬಸ್ತು ಇದ್ದು, ಟೀಚರಮ್ಮನಿಗೆ ಬದಲಿ ಒಬ್ಬರಿದ್ದರೆ ಅಲ್ಲಿಗೇ ಹಾಕಿ. ಈ ಮೂರರಲ್ಲಿ ಒಂದು ತಪ್ಪಿದರೂ ಅಜ್ಜಿಮನೆಯ ಆಸೆ ಬಿಡಿ.

ಆ ಮಧ್ಯಾಹ್ನ ಹೋಗುವಾಗ ರಿಕ್ಷಾ ಮಾಡಿ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಅವರಿಗೆ ಒಂದು ಕುರ್ಚಿ ಹಾಕಿಸಿ. ಗಂಟುನೋವು ಇರುವುದು ಕಾಲಿಗೆ, ಕಣ್ಣಿಗಲ್ಲ. ಆಯಾ ಮಗುವನ್ನು ಎತ್ತಿದ ಕೂಡಲೇ ಅದು ಮಕ್ಕಳನ್ನು ಎತ್ತಿ ಪಳಗಿದ ಕೈಯೋ ಅಲ್ಲವೋ ಎಂದು ಅವರು ನಿಮಗಿಂತ ಮೊದಲೇ ಹೇಳುತ್ತಾರೆ.