ಚಿಕ್ಕಂದಿನ ಲಸಿಕೆ ಐವತ್ತು ವರ್ಷ ಆದ ಮೇಲೂ ಹೇಗೆ ನೆನಪಿರುತ್ತದೆ?

ಕೆಂಪು ರಕ್ತಕಣವೇ 120 ದಿನಕ್ಕೆ ಸಾಯುತ್ತದೆ, ಹಾಗಿದ್ದರೆ ಲಸಿಕೆಯನ್ನು ನೆನಪಿಡುವ ಜೀವಕೋಶ ಐವತ್ತು ವರ್ಷ ಬದುಕುತ್ತದಾ ಅಂತ ಕೇಳಿದ್ದೀರಿ. ಒಳ್ಳೆ ಪ್ರಶ್ನೆ. ಕೆಲವು ಕೋಶ ಬದುಕುತ್ತವೆ. ಇನ್ನು ಕೆಲವು ಸಾಯುತ್ತವೆ, ಅವುಗಳ ವಂಶ ಮಾತ್ರ ಮುಂದುವರಿಯುತ್ತದೆ.

ನಾನು ಬೆಳಗಾವಿಯವನು. ನಮ್ಮ ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಲ್ಲಿ ಹಿಂದೆ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು (ಈಗ ಅಲ್ಲಿಗೆ ಹೋಗುವವರಲ್ಲಿ ಎಷ್ಟೋ ಜನಕ್ಕೆ ಹೆಸರು ಯಾಕೆ ಬಂತು ಅಂತಲೇ ಗೊತ್ತಿಲ್ಲ). ಆ ಲಸಿಕೆ ಹಾಕಿಸಿಕೊಂಡ ಹಿರಿಯರ ತೋಳಿನ ಮೇಲೆ ಗುರುತು ಇನ್ನೂ ಇದೆ. 1975ರ ನಂತರ ಭಾರತದಲ್ಲಿ ಸಿಡುಬು ಹರಡಿಲ್ಲ, ಅಂದರೆ ಆ ವೈರಸ್ ಮತ್ತೆ ಬಂದು ಅವರ ದೇಹಕ್ಕೆ ನೆನಪು ಮಾಡಿಕೊಟ್ಟಿಲ್ಲ. ಹಾಗಾದರೆ ನೆನಪು ಉಳಿದಿರುತ್ತದಾ? ಅಮೆರಿಕದಲ್ಲಿ ಇಂಥವರನ್ನೇ ಪರೀಕ್ಷಿಸಿ 2003ರಲ್ಲಿ ವರದಿ ಮಾಡಿದರು: ಟಿ ಕೋಶಗಳು (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಅರ್ಧಕ್ಕಿಳಿಯಲು 8ರಿಂದ 15 ವರ್ಷ ಬೇಕು, ಪ್ರತಿಕಾಯ (ರೋಗಾಣುವಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನ್) ಮಾತ್ರ 75 ವರ್ಷ ಆದರೂ ಹೆಚ್ಚು ಇಳಿದಿಲ್ಲ.

ಈ ವ್ಯತ್ಯಾಸಕ್ಕೆ ಕಾರಣ ಇದೆ. ಸೋಂಕಿನ ಹೊತ್ತಿಗೆ ಹುಟ್ಟಿದ ಟಿ ಕೋಶಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಕೆಲವೇ ವಾರಗಳಲ್ಲಿ ಸಾಯುತ್ತವೆ. ಉಳಿದವನ್ನು ನಮ್ಮ ದೇಹವೇ ತಯಾರಿಸುವ ಎರಡು ಪ್ರೋಟೀನ್ ಸಾಕುತ್ತವೆ. ಐಎಲ್-7 ಅವು ಸಾಯದಂತೆ ನೋಡಿಕೊಳ್ಳುತ್ತದೆ, ಐಎಲ್-15 ಆಗೊಮ್ಮೆ ಈಗೊಮ್ಮೆ ಒಡೆದು ಎರಡಾಗುವಂತೆ ಮಾಡುತ್ತದೆ. ಮನೆಯಲ್ಲಿ ಹೆಪ್ಪು ಉಳಿಸಿಕೊಂಡು ಬಂದ ಹಾಗೆ: ಮೊಸರು ದಿನಾ ಖಾಲಿಯಾಗುತ್ತದೆ, ಹೆಪ್ಪು ಮುಗಿಯುವುದಿಲ್ಲ.

ಪ್ರತಿಕಾಯ ಮಾಡುವ ಪ್ಲಾಸ್ಮಾ ಕೋಶದ ಕಥೆ ಬೇರೆ. ಅದು ಒಡೆಯುವುದೇ ಇಲ್ಲ. ಮೂಳೆಮಜ್ಜೆಯಲ್ಲಿ ಒಂದು ಜಾಗ ಹಿಡಿದು ಕೂತು, ಸುತ್ತಲಿನ ಕೋಶಗಳು ಕೊಡುವ ಏಪ್ರಿಲ್ ಎಂಬ ಪ್ರೋಟೀನಿನ ಬಲದಲ್ಲಿ (ತಿಂಗಳಿಗೂ ಇದಕ್ಕೂ ಸಂಬಂಧ ಇಲ್ಲ) ವರ್ಷಗಟ್ಟಲೆ ಪ್ರತಿಕಾಯ ಸುರಿಸುತ್ತಲೇ ಇರುತ್ತದೆ. ಆ ಜಾಗ ತಪ್ಪಿತೋ, ಬೇಗ ಸಾಯುತ್ತದೆ.

ಹಾಗಿದ್ದರೆ ಟಿಟಿ ಇಂಜೆಕ್ಷನ್ ಯಾಕೆ ಮತ್ತೆ ಮತ್ತೆ ಅಂತೀರಾ? ಧನುರ್ವಾಯುವಿನ ಪ್ರತಿಕಾಯ ಸುಮಾರು 11 ವರ್ಷಕ್ಕೆ ಅರ್ಧ ಆಗುತ್ತದೆ. ಧನುರ್ವಾಯು ತರುವ ಬ್ಯಾಕ್ಟೀರಿಯಾದ ವಿಷ ನರದೊಳಗೆ ಸೇರಿಬಿಟ್ಟರೆ ಪ್ರತಿಕಾಯಕ್ಕೆ ಅದು ಸಿಗುವುದಿಲ್ಲ. ಬರೀ ನೆನಪಿದ್ದರೆ ಸಾಲದು, ರಕ್ತದಲ್ಲಿ ಸರಕು ಮೊದಲೇ ಸಿದ್ಧ ಇರಬೇಕು. ಅದಕ್ಕೇ ಮೊಳೆ ಚುಚ್ಚಿಕೊಂಡು ಹೋದವರನ್ನು ಡಾಕ್ಟರು ಕೊನೆಯ ಡೋಸ್ ಯಾವಾಗ ಆಗಿತ್ತು ಅಂತ ಕೇಳುವುದು.