ದಿಬ್ಬಣವಿಲ್ಲದೆ ಬಂದ ಪ್ಲಗಿನ್

ಪ್ರಶ್ನೆ: ಕಚೇರಿಯ ವಿಂಡೋಸ್ ಕಂಪ್ಯೂಟರಿಗೆ ಇಂಟರ್ನೆಟ್ ಇಲ್ಲ. ನಕ್ಷೆ ತಂತ್ರಾಂಶವಾದ ಕ್ಯೂಜಿಐಎಸ್‌ಗೆ ಸೇರಿಸುವ ಪ್ಲಗಿನ್ನಿನ ಜಿಪ್ ಫೈಲನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿದರೆ ‘ಮಾಡ್ಯೂಲ್ ನಾಟ್ ಫೌಂಡ್’ ಅನ್ನುತ್ತದೆ. ಜಿಪ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ನಾಲ್ಕನೇ ಸಲ ಜಿಪ್ ಡೌನ್‌ಲೋಡ್ ಮಾಡಬೇಡಿ. ನೀವು ಮದುಮಗನೊಬ್ಬನನ್ನೇ ಬಸ್ಸು ಹತ್ತಿಸಿದ್ದೀರಿ, ದಿಬ್ಬಣ ಮನೆಯಲ್ಲೇ ಉಳಿದಿದೆ. ಪ್ಲಗಿನ್ನಿಗೆ ಬೇಕಾದ ಪೈಥಾನ್ ಲೈಬ್ರರಿಗಳು (ಸಿದ್ಧ ಕೋಡಿನ ಕಟ್ಟುಗಳು), ಅವುಗಳಿಗೆ ಬೇಕಾದ ಬೇರೆ ಲೈಬ್ರರಿಗಳು ಸಾಮಾನ್ಯವಾಗಿ ಜಿಪ್ಪಿನೊಳಗೆ ಇರುವುದಿಲ್ಲ. ಪ್ಲಗಿನ್ನಿನ ವಿವರವಿರುವ ಮೆಟಾಡೇಟಾ ಫೈಲಿನ ‘ಪ್ಲಗಿನ್ ಡಿಪೆಂಡೆನ್ಸೀಸ್’ ಸಾಲು ನೋಡಿ ನೆಮ್ಮದಿಯಾಗಬೇಡಿ. ಅಲ್ಲಿ ಬರೆಯುವುದು ಬೇರೆ ಪ್ಲಗಿನ್‌ಗಳ ಹೆಸರು ಮಾತ್ರ. ಲೈಬ್ರರಿಗಳ ಪಟ್ಟಿ ‘ರಿಕ್ವೈರ್‌ಮೆಂಟ್ಸ್’ ಫೈಲಿನಲ್ಲೋ ರೀಡ್‌ಮಿಯಲ್ಲೋ ಸಿಕ್ಕೀತು.

ಪೈಥಾನ್ ಲೈಬ್ರರಿಗಳನ್ನು ತರಿಸುವ ಸಾಧನ ಪಿಪ್. ಇಂಟರ್ನೆಟ್ ಇರುವ ಕಡೆ ‘ಪಿಪ್ ಡೌನ್‌ಲೋಡ್’ ಕೊಟ್ಟರೆ ಬಳಗವೆಲ್ಲ ಒಂದೇ ಫೋಲ್ಡರಿಗೆ ಇಳಿಯುತ್ತದೆ. ಆದರೆ ಅದು ಇಳಿಸುವುದು ಡೌನ್‌ಲೋಡ್ ಮಾಡುವ ಯಂತ್ರಕ್ಕೆ ಹೊಂದುವ ಫೈಲುಗಳನ್ನು. ನಾನೇ ಒಮ್ಮೆ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಇಳಿಸಿಕೊಂಡು, ದಿನವಿಡೀ ಪ್ರಯಾಣ ಮಾಡಿ ಹೋಗಿ, ಫೈಲಿನ ಹೆಸರುಗಳಲ್ಲಿ ‘ಮೆನಿಲಿನಕ್ಸ್’ (ಅಂದರೆ ಲಿನಕ್ಸಿನದು) ಎಂದು ಓದಿಕೊಂಡು ವಾಪಸ್ ಬಂದವನು. ನಿಮಗೆ ಬೇಕಾದದ್ದು 64-ಬಿಟ್ ವಿಂಡೋಸಿನ ‘ವಿನ್_ಎಎಂಡಿ64’. ಕ್ಯೂಜಿಐಎಸ್ ಒಳಗಿನ ಪೈಥಾನ್ 3.12 ಆಗಿದ್ದರೆ ಹೆಸರಿನಲ್ಲಿ ಸಾಮಾನ್ಯವಾಗಿ ‘ಸಿಪಿ312’ ಇರಬೇಕು. ಶುದ್ಧ ಪೈಥಾನಿನಲ್ಲಿ ಬರೆದವುಗಳ ಹೆಸರು ‘ಎನಿ’ ಎಂದು ಮುಗಿಯುತ್ತದೆ, ಅವು ಎಲ್ಲಿಗಾದರೂ ನಡೆಯುತ್ತವೆ. ಹಾಗಾಗಿ ಡೌನ್‌ಲೋಡ್ ಮಾಡುವಾಗ ಪ್ಲಾಟ್‌ಫಾರ್ಮ್, ಪೈಥಾನ್-ವರ್ಷನ್, ‘ಓನ್ಲಿ-ಬೈನರಿ ಆಲ್’ (ಸಿದ್ಧ ಫೈಲು ಮಾತ್ರ ಸಾಕು) ಮೂರನ್ನೂ ಕೊಡಿ. ಕಚೇರಿಯಲ್ಲಿ ಕ್ಯೂಜಿಐಎಸ್ ಜೊತೆಗೇ ಬರುವ ಓಎಸ್‌ಜಿಯೋ4ಡಬ್ಲ್ಯೂ ಶೆಲ್ (ಆದೇಶ ಟೈಪಿಸುವ ಕಿಟಕಿ) ತೆರೆದು ‘ನೋ-ಇಂಡೆಕ್ಸ್’, ‘ಫೈಂಡ್-ಲಿಂಕ್ಸ್’ (ನೆಟ್ಟಿನಲ್ಲಿ ಹುಡುಕಬೇಡ, ಈ ಫೋಲ್ಡರಿನಲ್ಲಿ ಹುಡುಕು) ಹಾಕಿ ಪಿಪ್‌ನಿಂದ ಇನ್‌ಸ್ಟಾಲ್ ಮಾಡಿ. ವಿಂಡೋಸಿನದೇ ಕಪ್ಪು ಕಿಟಕಿಯಲ್ಲಿ (ಕಮಾಂಡ್ ಪ್ರಾಂಪ್ಟ್) ಮಾಡಿದರೆ ಬೇರೆ ಯಾವುದೋ ಪೈಥಾನಿಗೆ ಹೋಗಿ ಕೂರುತ್ತದೆ.

ಇನ್ನೊಂದು ಮಾತು, ಇದರಲ್ಲಿ ನಾನು ಅಂಜುಬುರುಕ. ಕ್ಯೂಜಿಐಎಸ್ ಜೊತೆ ಬಂದ ನಂಪೈ (ಲೆಕ್ಕ ಮಾಡುವ ಲೈಬ್ರರಿ) ಹಳೆಯದಿದ್ದು, ನಿಮ್ಮ ಫೋಲ್ಡರಿನ ನಂಪೈ 2 ಅದರ ಮೇಲೆ ಕೂತರೆ, ಪ್ಲಗಿನ್ ನಡೆದರೂ ರಾಸ್ಟರ್ (ಚಿತ್ರರೂಪದ ನಕ್ಷೆ) ಕೆಲಸ ಮುಗ್ಗರಿಸಬಹುದು. ಮೊದಲು ಕಚೇರಿಯ ಶೆಲ್‌ನಲ್ಲಿ ‘ಪಿಪ್ ಲಿಸ್ಟ್’ ತೆಗೆದು, ಆ ಆವೃತ್ತಿಗಳನ್ನು ಕನ್‌ಸ್ಟ್ರೇಂಟ್ ಫೈಲಾಗಿ (ಆ ಆವೃತ್ತಿ ಬದಲಾಗದಂತೆ ತಡೆಯುವ ಪಟ್ಟಿ) ಕೊಟ್ಟೇ ಡೌನ್‌ಲೋಡ್ ಮಾಡಿ.

ಪ್ರಶ್ನೆ: ಗೆಳೆಯನ ಕಂಪ್ಯೂಟರಿನಲ್ಲಿ ಪೈಥಾನ್ ಲೈಬ್ರರಿಗಳಿರುವ ‘ಸೈಟ್-ಪ್ಯಾಕೇಜಸ್’ ಫೋಲ್ಡರನ್ನೇ ಕಾಪಿ ಮಾಡಲೇ?

ಉತ್ತರ: ಬೇಡ.

ಪ್ರಶ್ನೆ: ಕಾಣೆಯಾದ ಡಿಎಲ್‌ಎಲ್ ಫೈಲುಗಳನ್ನು (ವಿಂಡೋಸ್ ಪ್ರೋಗ್ರಾಮುಗಳ ಬಿಡಿಭಾಗಗಳು) ಉಚಿತವಾಗಿ ಕೊಡುವ ಜಾಲತಾಣವಿದೆಯಂತೆ?

ಉತ್ತರ: ವೈರಸ್ಸೂ ಉಚಿತವೇ.

ಪ್ರಶ್ನೆ: ಐದೇ ನಿಮಿಷ ಮೊಬೈಲ್ ಹಾಟ್‌ಸ್ಪಾಟ್ ಹಾಕಿಬಿಟ್ಟರೆ?

ಉತ್ತರ: ನೆಟ್ ತೆಗೆಸಿದ ಅಧಿಕಾರಿಯನ್ನು ಕೇಳಿ, ನನ್ನನ್ನಲ್ಲ.